ಕಣ್ಣೊಳಗೆ ನಿಧಾನಕ್ಕೆ ಕರಗೋ ಕಡ್ಡಿ: ಡ್ರೈ ಐಗೆ ಇನ್ಸರ್ಟ್ ಹೇಗೆ ಕೆಲಸ ಮಾಡತ್ತೆ

ನಮ್ಮ ದೊಡ್ಡಮ್ಮನಿಗೆ ದಿಂಬಿನ ಪಕ್ಕ ಒಂದು, ಬ್ಯಾಗಲ್ಲಿ ಒಂದು, ಟಿವಿ ಪಕ್ಕ ಒಂದು ಅಂತ ಮೂರು ಕಡೆ ಡ್ರಾಪ್ಸ್ ಬಾಟ್ಲಿ ಇರ್ಲೇಬೇಕಿತ್ತು, ಕಣ್ಣಿಗೆ ಹಾಕ್ಕೊಂಡ ತಕ್ಷಣ "ಅಬ್ಬಾ ತಣ್ಣಗಾಯ್ತು" ಅನ್ನೋರು, ಹತ್ತು ನಿಮಿಷ ಬಿಟ್ಟು ನೋಡಿದ್ರೆ ಮತ್ತೆ ಸೆರಗಲ್ಲಿ ಕಣ್ಣು ಒತ್ಕೊಳ್ತಾ ಕೂತಿರೋರು. ಮರಳು ಬಿದ್ದ ಹಾಗೆ ಕರಕರ, ಉರಿ, ಬೆಳಗ್ಗೆ ಎದ್ದಾಗ ರೆಪ್ಪೆ ಬಿಡಿಸೋಕೇ ಕಷ್ಟ. ಡ್ರಾಪ್ಸ್ ಕೆಲಸ ಮಾಡ್ತಿಲ್ಲ, ಬೇರೆ ಕಂಪನೀದು ತರೋಣ ಅಂತ ನಾವು ಬದಲಾಯಿಸಿದ್ದೇ ಬದಲಾಯಿಸಿದ್ದು. ಆಮೇಲೆ ಡಾಕ್ಟರು ಒಂದು ಮಾತು ಹೇಳಿದ್ರು, ಡ್ರಾಪ್ಸ್ ಕೆಲಸ ಮಾಡ್ತಿದೆ ಆದ್ರೆ ಕಣ್ಣಲ್ಲಿ ನಿಲ್ತಿಲ್ಲ ಅಷ್ಟೇ ಅಂತ. ಈ ಲೇಖನ ಪೂರ್ತಿ ಆ ಒಂದು ಮಾತಿನ ಮೇಲೇ ನಿಂತಿದೆ, ಯಾಕಂದ್ರೆ ಡ್ರೈ ಐ ಜೋರಾಗಿರೋರಿಗೆ ಎಷ್ಟು ಸಲ ಹನಿ ಹಾಕಿದ್ವಿ ಅನ್ನೋದಕ್ಕಿಂತ ಆ ತೇವ ಎಷ್ಟು ಹೊತ್ತು ಉಳೀತು ಅನ್ನೋದು ಮುಖ್ಯ. ಆ ಹೊತ್ತನ್ನ ಉದ್ದ ಮಾಡೋಕೆ ಅಂತಲೇ ಮಾಡಿರೋದು ಕಣ್ಣೊಳಗೆ ಇಟ್ರೆ ತಾನಾಗೇ ಕರಗೋ ಒಂದು ಪುಟ್ಟ ಕಡ್ಡಿ, ಇದನ್ನ ಐ ಇನ್ಸರ್ಟ್ ಅಂತಾರೆ.

ಮೊದಲು ಹನಿ ಯಾಕೆ ನಿಲ್ಲಲ್ಲ ಅನ್ನೋದನ್ನ ನೋಡೋಣ. ನಮ್ಮ ಕಣ್ಣಿನ ಮೇಲೆ ಯಾವಾಗ್ಲೂ ಇರೋ ಕಣ್ಣೀರು ಸುಮಾರು 7 ಮೈಕ್ರೋಲೀಟರ್ ಅಷ್ಟೇ, ಅಂದ್ರೆ ಒಂದು ಹನಿಯಲ್ಲೂ ಒಂದು ಚೂರು. ಡ್ರಾಪ್ಸ್ ಬಾಟ್ಲಿಯಿಂದ ಬೀಳೋ ಒಂದು ಹನಿ 30ರಿಂದ 50 ಮೈಕ್ರೋಲೀಟರ್ ಇರತ್ತೆ. ಅಷ್ಟನ್ನ ಹಿಡ್ಕೊಳ್ಳೋ ಜಾಗವೇ ಕಣ್ಣಲ್ಲಿಲ್ಲ, ಅದಕ್ಕೇ ಹನಿ ಬಿದ್ದ ಕೂಡ್ಲೇ ಅರ್ಧ ಕೆನ್ನೆ ಮೇಲೆ ಇಳಿಯತ್ತೆ. ಉಳಿದಿದ್ದನ್ನ ರೆಪ್ಪೆ ಮಿಟುಕಿಸಿದಾಗೆಲ್ಲ ಮೂಗಿನ ಕಡೆ ತಳ್ತೀವಿ, ಅಲ್ಲಿ ರೆಪ್ಪೆ ಅಂಚಿನಲ್ಲಿ ಮೇಲೊಂದು ಕೆಳಗೊಂದು ಸೂಜಿಮೊನೆಯಂಥ ತೂತು ಇದೆ, ಕನ್ನಡಿಯಲ್ಲಿ ಕೆಳರೆಪ್ಪೆ ಸ್ವಲ್ಪ ಎಳೆದು ನೋಡಿದ್ರೆ ನಿಮಗೇ ಕಾಣತ್ತೆ. ಅದರಿಂದ ಮೂಗಿಗೆ, ಮೂಗಿಂದ ಗಂಟಲಿಗೆ. ಕೆಲವು ಡ್ರಾಪ್ಸ್ ಹಾಕಿದ ಮೇಲೆ ಗಂಟಲಲ್ಲಿ ಕಹಿ ಆಗತ್ತಲ್ಲ, ಅದು ಇದೇ ದಾರಿಯಲ್ಲಿ ಬಂದಿರೋದು. ಹೀಗೆ ತೆಳ್ಳಗಿನ ಡ್ರಾಪ್ಸ್ ಕೆಲವೇ ನಿಮಿಷದಲ್ಲಿ ಖಾಲಿ.

ಇನ್ನೊಂದು ವಿಷ್ಯ, ಕಣ್ಣೀರು ಅಂದ್ರೆ ಬರೀ ಉಪ್ಪುನೀರು ಅಂದ್ಕೊಂಡಿರ್ತೀವಿ. ನಿಜವಾಗ್ಲೂ ಅದು ಒಂದು ಪೊರೆ, ದಪ್ಪ ಮಿಲಿಮೀಟರಿನ ಸಾವಿರದ ಒಂದು ಭಾಗ ಇರತ್ತಲ್ಲ, ಅಂಥ ಕೆಲವೇ ಭಾಗದಷ್ಟು. ತಳದಲ್ಲಿ ಲೋಳೆ ಥರ ಇರೋ ಮ್ಯೂಸಿನ್, ಅದು ನೀರನ್ನ ಕಣ್ಣಿನ ಮೇಲ್ಮೈಗೆ ಅಂಟಿಸಿ ಹಿಡಿಯತ್ತೆ. ನಡುವೆ ನೀರು, ಇದು ಬಹುಪಾಲು ಹುಬ್ಬಿನ ಹೊರತುದಿ ಕೆಳಗೆ ಇರೋ ಕಣ್ಣೀರಿನ ಗ್ರಂಥಿಯಿಂದ ಬರೋದು. ಎಲ್ಲಕ್ಕಿಂತ ಮೇಲೆ ತೆಳ್ಳಗೆ ಎಣ್ಣೆ, ಅದನ್ನ ರೆಪ್ಪೆ ಅಂಚಿನಲ್ಲಿ ಸಾಲಾಗಿ ಇರೋ ಮೈಬೋಮಿಯನ್ ಗ್ರಂಥಿಗಳು ಕೊಡತ್ತೆ, ಈ ಎಣ್ಣೆ ನೀರು ಆವಿಯಾಗಿ ಹೋಗದ ಹಾಗೆ ಮುಚ್ಚಳದ ಥರ ಕೆಲಸ ಮಾಡತ್ತೆ. ಮೂರರಲ್ಲಿ ಯಾವುದು ಕೈಕೊಟ್ರೂ ಪೊರೆ ನಿಲ್ಲಲ್ಲ, ಒಡೆದುಹೋಗತ್ತೆ.

ಪೊರೆ ಒಡೆಯೋದನ್ನ ಕಣ್ಣಾರೆ ನೋಡಬಹುದು, ನಾನು ನೋಡಿದೀನಿ. ಡಾಕ್ಟರು ದೊಡ್ಡಮ್ಮನ ಕಣ್ಣಿಗೆ ಫ್ಲೋರೆಸಿನ್ ಅನ್ನೋ ಹಳದಿ ಬಣ್ಣ ಸ್ವಲ್ಪ ತಾಗಿಸಿ, ನೀಲಿ ಲೈಟ್ ಬಿಟ್ಟು, ಮಿಟುಕಿಸಬೇಡಿ ಅಂದ್ರು. ಪಕ್ಕದ ಸ್ಕ್ರೀನಲ್ಲಿ ಕಣ್ಣು ಪೂರ್ತಿ ಹಸಿರಾಗಿ ಹೊಳೀತಿತ್ತು, ನೋಡ್ತಾ ನೋಡ್ತಾ ಆ ಹಸಿರಿನ ನಡುವೆ ಒಂದು ಕಪ್ಪು ಚುಕ್ಕೆ, ಅದು ಹರಡಿ ಗೆರೆ ಆಯ್ತು, ಪಕ್ಕದಲ್ಲಿ ಇನ್ನೊಂದು. ಬೇಸಿಗೆಯಲ್ಲಿ ಕೆರೆ ಬತ್ತೋದನ್ನ ಫಾಸ್ಟ್ ಮಾಡಿ ತೋರಿಸಿದ ಹಾಗಿತ್ತು. ಮಿಟುಕಿಸಿದ ಮೇಲೆ ಮೊದಲ ಕಪ್ಪು ಚುಕ್ಕೆ ಬರೋಕೆ 10 ಸೆಕೆಂಡಿಗಿಂತ ಕಡಿಮೆ ಹಿಡಿದ್ರೆ ಪೊರೆ ಗಟ್ಟಿ ಇಲ್ಲ ಅಂತ ಲೆಕ್ಕ, ಇದಕ್ಕೆ ಟಿಯರ್ ಬ್ರೇಕಪ್ ಟೈಮ್ ಅಂತಾರೆ. ದೊಡ್ಡಮ್ಮನಿಗೆ ಮೂರು ಎಣಿಸೋಷ್ಟರಲ್ಲೇ ಬಂತು. ಇನ್ನೊಂದು ಟೆಸ್ಟ್ ಇದೆ, ಶಿರ್ಮರ್ ಅಂತ, ಜರ್ಮನಿಯ ಒಟ್ಟೊ ಶಿರ್ಮರ್ 1903ರಲ್ಲಿ ಹೇಳ್ಕೊಟ್ಟಿದ್ದು, ಇವತ್ತಿಗೂ ಅದನ್ನೇ ಮಾಡ್ತಾರೆ. ಕೆಳರೆಪ್ಪೆಗೆ ಕಾಗದದ ಪಟ್ಟಿ ಸಿಕ್ಕಿಸಿ 5 ನಿಮಿಷ ಬಿಡೋದು, ಎಷ್ಟು ಮಿಲಿಮೀಟರ್ ಒದ್ದೆ ಆಯ್ತು ಅಂತ ಅಳೆಯೋದು, 5 ಅಥವಾ ಅದಕ್ಕಿಂತ ಕಡಿಮೆ ಬಂದ್ರೆ ನೀರಿನ ಉತ್ಪತ್ತಿಯೇ ತುಂಬಾ ಕಮ್ಮಿ ಅಂತ.

ಇಲ್ಲಿ ಬಹಳ ಜನ ಎಡವೋ ಜಾಗ ಒಂದಿದೆ. "ನನ್ನ ಕಣ್ಣಲ್ಲಿ ಸದಾ ನೀರು ಸುರೀತಿರತ್ತೆ, ನನಗೆಲ್ಲಿಂದ ಡ್ರೈ ಐ" ಅಂತಾರೆ. ಕಾರ್ನಿಯಾ ಅಂದ್ರೆ ಕಣ್ಣಿನ ಮುಂದಿನ ಗಾಜಿನಂಥ ಭಾಗ ಒಣಗಿದಾಗ ಅಲ್ಲಿರೋ ನರಗಳು ಗಾಬರಿಯಾಗಿ ಗ್ರಂಥಿಗೆ ಸುದ್ದಿ ಮುಟ್ಟಿಸತ್ತೆ, ಆಗ ಒಂದೇ ಸಲ ನೀರು ನುಗ್ಗತ್ತೆ. ಆದ್ರೆ ಅದು ಬರೀ ನೀರು, ಎಣ್ಣೆ ಲೋಳೆ ಸರಿಯಾದ ಹದದಲ್ಲಿ ಇಲ್ಲದ ನೀರು, ಬಂದ ಹಾಗೇ ಹರಿದುಹೋಗತ್ತೆ, ಕಣ್ಣು ಮತ್ತೆ ಒಣಗತ್ತೆ. ಜೋರು ಮಳೆ ಬಂದು ಗಟ್ಟಿ ನೆಲದ ಮೇಲೆ ಹರಿದು ಹೋದ್ರೆ ಭೂಮಿ ನೆನೆಯಲ್ವಲ್ಲ, ಹಾಗೆ. ಆದ್ರಿಂದ ನೀರು ಸುರಿಯೋದೂ ಡ್ರೈ ಐ ಲಕ್ಷಣ ಆಗಿರಬಹುದು.

ಮತ್ತೆ ಇದನ್ನ ಬರೀ ಕಿರಿಕಿರಿ ಅಂತ ಬಿಡಬಾರದು. ನೀರು ಆವಿಯಾದಾಗ ಉಳಿಯೋದು ಉಪ್ಪು, ಅಂದ್ರೆ ಉಳಿದ ಕಣ್ಣೀರು ಹೆಚ್ಚು ಉಪ್ಪಾಗತ್ತೆ, ಆ ಉಪ್ಪು ಮೇಲ್ಮೈ ಜೀವಕೋಶಗಳಿಗೆ ಪೆಟ್ಟು ಕೊಡತ್ತೆ, ಪೆಟ್ಟು ಬಿದ್ದಲ್ಲಿ ಉರಿಯೂತ, ಉರಿಯೂತದಿಂದ ಲೋಳೆ ಕೊಡೋ ಕೋಶಗಳು ಸಾಯತ್ತೆ, ಲೋಳೆ ಕಡಿಮೆ ಆದ್ರೆ ಪೊರೆ ಇನ್ನೂ ಬೇಗ ಒಡೆಯತ್ತೆ, ಬೇಗ ಒಡೆದ್ರೆ ಮತ್ತೆ ಆವಿ. ಇದು ತನ್ನ ಬಾಲ ತಾನೇ ಕಚ್ಕೊಂಡಿರೋ ಹಾವು. ಎಲ್ಲೋ ಒಂದು ಕಡೆ ಈ ಸುತ್ತನ್ನ ಬಿಡಿಸಬೇಕು. ಅದಕ್ಕೆ ಹತ್ತು ನಿಮಿಷದ ತೇವ ಸಾಕಾಗಲ್ಲ, ಗಂಟೆಗಟ್ಟಲೆ ಪೊರೆ ನಿಂತ್ರೆ ಮಾತ್ರ ಮೇಲ್ಮೈಗೆ ಮಾಯೋಕೆ ಪುರುಸೊತ್ತು ಸಿಗೋದು.

ಹಾಗಾದ್ರೆ ಹನಿಯನ್ನೇ ದಪ್ಪ ಮಾಡಿದ್ರೆ ಆಗಲ್ವಾ ಅಂದ್ರೆ, ಮಾಡಿದಾರೆ. ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್, ಹೈಲುರೊನೇಟ್ ಅಂತೆಲ್ಲ ಬಾಟ್ಲಿ ಮೇಲೆ ಓದಿರ್ತೀರಿ, ಅದೆಲ್ಲ ಹನಿಯನ್ನ ಸ್ವಲ್ಪ ಮಂದ ಮಾಡಿ ಹೆಚ್ಚು ಹೊತ್ತು ನಿಲ್ಲಿಸೋಕೇ. ಜೆಲ್ ಇದೆ, ರಾತ್ರಿಗೆ ಮುಲಾಮು ಇದೆ. ಬಹಳ ಜನಕ್ಕೆ ಇಷ್ಟೇ ಸಾಕಾಗತ್ತೆ, ಅಂಥೋರು ಮುಂದಕ್ಕೆ ಹೋಗೋದೇ ಬೇಡ. ಆದ್ರೆ ಮುಲಾಮು ಹಾಕ್ಕೊಂಡ್ರೆ ಎದುರಿಗೆ ಇರೋದೆಲ್ಲ ಮಸುಕು, ಹಗಲು ಓಡಾಡೋಕಾಗಲ್ಲ. ಬಾಟ್ಲಿ ಡ್ರಾಪ್ಸಲ್ಲಿ ಕೆಡದೇ ಇರಲಿ ಅಂತ ಬೆನ್ಜಾಲ್ಕೋನಿಯಂ ಕ್ಲೋರೈಡ್ ಥರದ ಪ್ರಿಸರ್ವೇಟಿವ್ ಇದ್ರೆ ಅದನ್ನ ದಿನಕ್ಕೆ ಹತ್ತು ಹದಿನೈದು ಸಲ ಹಾಕ್ಕೊಂಡಾಗ ಆ ಪ್ರಿಸರ್ವೇಟಿವ್ವೇ ಮೇಲ್ಮೈಯನ್ನ ಕೆಡಿಸತ್ತೆ. ದೊಡ್ಡಮ್ಮ ತಿಂಗಳುಗಟ್ಟಲೆ ಮಾಡಿದ್ದು ಇದನ್ನೇ, ನಮಗೂ ಗೊತ್ತಿರಲಿಲ್ಲ, ಗೊತ್ತಾದಾಗ ನನಗೆ ನಿಜವಾಗ್ಲೂ ಸಂಕಟ ಆಯ್ತು. ದಿನಕ್ಕೆ ನಾಲ್ಕಾರು ಸಲಕ್ಕಿಂತ ಹೆಚ್ಚು ಬೇಕಾಗೋರು ಪ್ರಿಸರ್ವೇಟಿವ್ ಇಲ್ಲದ ಡ್ರಾಪ್ಸ್ ಕೇಳಿ ತಗೋಬೇಕು.

ಈಗ ಕಡ್ಡಿ ವಿಷ್ಯಕ್ಕೆ ಬರೋಣ. ಕಣ್ಣಿನ ಒಣಗುವಿಕೆಗೆ ಬಳಸೋ ಇನ್ಸರ್ಟ್ ಅಂದ್ರೆ ಲ್ಯಾಕ್ರಿಸರ್ಟ್ ಅನ್ನೋ ಹೆಸರಿಂದು, ಅಮೆರಿಕದಲ್ಲಿ 1981ರಲ್ಲಿ ಇದಕ್ಕೆ ಒಪ್ಪಿಗೆ ಸಿಕ್ತು, ಮೊದಲು ತಂದಿದ್ದು ಮರ್ಕ್ ಕಂಪನಿ, ಆಮೇಲೆ ಕೈ ಬದಲಾಗಿ ಬಾಷ್ ಆಂಡ್ ಲಾಂಬ್ ಹತ್ರ ಬಂತು. ಉದ್ದ 3.5 ಮಿಲಿಮೀಟರ್, ದಪ್ಪ 1.27 ಮಿಲಿಮೀಟರ್, ಒಳಗಿರೋದು 5 ಮಿಲಿಗ್ರಾಂ ಹೈಡ್ರಾಕ್ಸಿಪ್ರೊಪೈಲ್ ಸೆಲ್ಯುಲೋಸ್. ಬೇರೆ ಔಷಧಿ ಏನೂ ಇಲ್ಲ, ಪ್ರಿಸರ್ವೇಟಿವ್ವೂ ಇಲ್ಲ. ನೋಡೋಕೆ ಹೇಗಿರತ್ತೆ ಅಂದ್ರೆ ಪೆನ್ಸಿಲ್ ಮೊನೆ ಮುರಿದು ಬಿದ್ದಿರತ್ತಲ್ಲ, ಆ ಸೈಜು, ಆದ್ರೆ ಕಪ್ಪಲ್ಲ, ಬೆಳಕು ತೂರೋ ಹಾಗೆ ತಿಳಿ. ಮೊದಲ ಸಲ ಅಂಗೈ ಮೇಲೆ ಇಟ್ಕೊಂಡಾಗ ಇಷ್ಟು ಗಟ್ಟಿ ಇರೋದನ್ನ ಕಣ್ಣೊಳಗೆ ಇಡೋದಾ ಅಂತ ನನಗೇ ಭಯ ಆಗಿತ್ತು.

ಕಣ್ಣಲ್ಲಿ ಗಟ್ಟಿ ಔಷಧಿ ಇಡೋದು ಹೊಸ ವಿಚಾರ ಏನಲ್ಲ. 19ನೇ ಶತಮಾನದಲ್ಲೇ ಔಷಧಿಯಲ್ಲಿ ನೆನೆಸಿ ಒಣಗಿಸಿದ ಸೋಸುಕಾಗದದ ಚೂರನ್ನ ರೆಪ್ಪೆ ಕೆಳಗೆ ಇಡ್ತಿದ್ರು, ಆಮೇಲೆ ಜೆಲಟಿನ್‌ನಿಂದ ಮಾಡಿದ ಲ್ಯಾಮೆಲ್ಲೆ ಅನ್ನೋ ತೆಳು ಬಿಲ್ಲೆಗಳು ಬಂತು, ಕಣ್ಣೀರಲ್ಲಿ ಕರಗ್ತಾ ಔಷಧಿ ಬಿಡೋದು. 1974ರಲ್ಲಿ ಗ್ಲಾಕೋಮಾ ಅನ್ನೋ ಕಣ್ಣಿನ ಒತ್ತಡದ ಕಾಯಿಲೆಗೆ ಆಕ್ಯುಸರ್ಟ್ ಅಂತ ಬಂತು, ಪೈಲೋಕಾರ್ಪಿನ್ ಔಷಧಿಯನ್ನ ವಾರ ಪೂರ್ತಿ ನಿಧಾನಕ್ಕೆ ಬಿಡೋ ಪದರ, ಆದ್ರೆ ಅದು ಕರಗ್ತಿರಲಿಲ್ಲ, ತೆಗೆದು ಹೊಸದು ಇಡಬೇಕಿತ್ತು. ಲ್ಯಾಕ್ರಿಸರ್ಟ್‌ನ ವಿಶೇಷ ಏನಂದ್ರೆ ಇಲ್ಲಿ ಔಷಧಿಯನ್ನ ಹೊತ್ಕೊಂಡು ಬರೋ ಪದಾರ್ಥವೇ ಚಿಕಿತ್ಸೆ, ಕರಗೋ ಕಡ್ಡಿಯೇ ಕಣ್ಣೀರಿಗೆ ಸೇರೋ ಲೋಳೆ.

ಹೆಸರು ಕೇಳಿ ಹೆದರಬೇಡಿ. ಸೆಲ್ಯುಲೋಸ್ ಅಂದ್ರೆ ಗಿಡಮರಗಳ ಜೀವಕೋಶದ ಗೋಡೆಯಲ್ಲಿರೋದು, ಹತ್ತಿಯಲ್ಲಿರೋದು, ಕಾಗದದಲ್ಲಿರೋದು. ಸೆಲ್ಯುಲೋಸ್ ನೀರಲ್ಲಿ ಕರಗಲ್ಲ, ಹತ್ತಿ ಬಟ್ಟೆ ಎಷ್ಟು ಸಲ ಒಗೆದ್ರೂ ಕರಗಿಹೋಗಲ್ವಲ್ಲ, ಯಾಕಂದ್ರೆ ಅದರ ಉದ್ದುದ್ದ ಸರಪಳಿಗಳು ಒಂದಕ್ಕೊಂದು ಬಿಗಿಯಾಗಿ ತಬ್ಕೊಂಡಿರತ್ತೆ, ನೀರಿಗೆ ನುಗ್ಗೋಕೆ ಸಂದೇ ಇಲ್ಲ. ಆ ಸರಪಳಿಗಳಿಗೆ ಅಲ್ಲಲ್ಲಿ ಹೈಡ್ರಾಕ್ಸಿಪ್ರೊಪೈಲ್ ಅನ್ನೋ ಚಿಕ್ಕ ಗುಂಪುಗಳನ್ನ ಅಂಟಿಸಿದ್ರೆ ಅವು ಸರಪಳಿಗಳನ್ನ ಒಂದರಿಂದ ಒಂದು ದೂರ ತಳ್ಳತ್ತೆ, ಆ ಸಂದಿಯಲ್ಲಿ ನೀರು ಸೇರ್ಕೊಳ್ಳತ್ತೆ, ಕರಗೋಕೆ ಶುರು. ಮಾತ್ರೆ ಪುಡಿಪುಡಿ ಆಗದ ಹಾಗೆ ಹಿಡಿದಿಡೋಕೂ ಇದೇ ಪದಾರ್ಥ ಬಳಸ್ತಾರೆ, ಅಂದ್ರೆ ಗೊತ್ತಿಲ್ಲದೇ ನಾವೆಲ್ಲ ನುಂಗಿರೋದೇ. ದೇಹದ ಮೇಲೆ ತಾನಾಗಿ ಯಾವ ಪರಿಣಾಮವನ್ನೂ ಮಾಡದ ಪದಾರ್ಥ ಇದು.

ಕಣ್ಣೊಳಗೆ ಇಟ್ಟ ಮೇಲೆ ಏನಾಗತ್ತೆ ಅಂದ್ರೆ, ಒಣಗಿದ ಮರದ ಅಂಟನ್ನ ನೀರಲ್ಲಿ ಹಾಕಿಟ್ರೆ ಮೊದಲು ಮೇಲೆ ಜಾರು ಜಾರಾಗಿ, ಆಮೇಲೆ ಉಬ್ಬಿ ಮೆತ್ತಗಾಗಿ, ಕೊನೆಗೆ ನೀರೇ ಮಂದ ಆಗತ್ತಲ್ಲ, ಥೇಟ್ ಹಾಗೆ. ಕಡ್ಡಿ ಸುತ್ತಲಿನ ಕಣ್ಣೀರನ್ನ ಹೀರ್ಕೊಂಡು ಮೆತ್ತಗಾಗತ್ತೆ, ಹೊರಗಿನ ಪದರ ಕರಗ್ತಾ ಕಣ್ಣೀರಿಗೆ ಸೇರತ್ತೆ, ನಾವು ಮಿಟುಕಿಸಿದಾಗೆಲ್ಲ ರೆಪ್ಪೆ ಅದನ್ನ ಸ್ವಲ್ಪ ಸ್ವಲ್ಪ ತಗೊಂಡು ಕಣ್ಣಿನ ಮೇಲೆಲ್ಲ ಸವರತ್ತೆ. ಪೊರೆ ದಪ್ಪ ಆಗತ್ತೆ, ಒಡೆಯೋಕೆ ಹೆಚ್ಚು ಹೊತ್ತು ಹಿಡಿಯತ್ತೆ, ರೆಪ್ಪೆಗೂ ಕಣ್ಣಿಗೂ ನಡುವಿನ ತಿಕ್ಕಾಟ ಕಡಿಮೆ ಆಗತ್ತೆ. ಕರಗಿದ್ದು ಕಣ್ಣೀರಿನ ಜೊತೆಗೇ ಮೂಗಿನ ದಾರಿ ಹಿಡಿದು ಹೋಗತ್ತೆ, ತೆಗೆಯೋದಕ್ಕೆ ಏನೂ ಉಳಿಯಲ್ಲ. ಸಾಮಾನ್ಯವಾಗಿ ದಿನಕ್ಕೆ ಕಣ್ಣಿಗೆ ಒಂದು ಸಾಕು, ಕೆಲವರಿಗೆ ಎರಡು ಬೇಕಾಗತ್ತೆ.

ಇದರಲ್ಲೇ ಒಂದು ತೊಡಕಿದೆ, ಇದನ್ನ ಮೊದಲೇ ಗೊತ್ತು ಮಾಡ್ಕೊಂಡಿರೋದು ಒಳ್ಳೇದು. ಕಡ್ಡಿ ಕರಗೋಕೂ ಕಣ್ಣೀರು ಬೇಕು. ಕಣ್ಣು ತೀರಾ ಒಣಗಿ ಹೋಗಿದ್ರೆ ಕಡ್ಡಿ ಒಳಗೆ ಕೂತ್ಕೊಂಡು ಚುಚ್ತಾನೇ ಇರತ್ತೆ, ಕರಗಲ್ಲ. ಅಂಥವರಿಗೆ ಕಡ್ಡಿ ಇಟ್ಟ ಮೇಲೆ ಪ್ರಿಸರ್ವೇಟಿವ್ ಇಲ್ಲದ ಸಲೈನ್ ಅಥವಾ ಆರ್ಟಿಫಿಶಿಯಲ್ ಟಿಯರ್ಸ್ ಒಂದೆರಡು ಹನಿ ಹಾಕೋಕೆ ಡಾಕ್ಟರು ಹೇಳ್ತಾರೆ, ಆ ಹನಿಯಿಂದ ಕರಗೋದು ಶುರುವಾಗತ್ತೆ. ಅಂದ್ರೆ ಇನ್ಸರ್ಟ್ ಬಂತು ಅಂತ ಡ್ರಾಪ್ಸ್ ಪೂರ್ತಿ ಬಿಡ್ತೀವಿ ಅಂತೇನಿಲ್ಲ, ಸಲ ಕಡಿಮೆ ಆಗತ್ತೆ.

ಎಲ್ಲಿ ಇಡಬೇಕು ಅನ್ನೋದು ಇದರ ಜೀವಾಳ. ಕೆಳರೆಪ್ಪೆಯನ್ನ ಬೆರಳಲ್ಲಿ ಹಿಡಿದು ನೋಡಿ, ಅಂಚಿನ ಹತ್ರ ಸ್ವಲ್ಪ ಗಟ್ಟಿ ಇರೋ ಪಟ್ಟಿ ಒಂದು ಸಿಗತ್ತೆ, ಅದನ್ನ ಟಾರ್ಸಸ್ ಅಂತಾರೆ, ರೆಪ್ಪೆಗೆ ಬಿಗಿ ಕೊಡೋದು ಅದೇ. ಅದರಿಂದ ಕೆಳಗೆ ಹೋದ್ರೆ ರೆಪ್ಪೆ ಮೆತ್ತಗೆ, ಒಳಗಡೆ ರೆಪ್ಪೆಯೂ ಕಣ್ಣುಗುಡ್ಡೆಯೂ ಸೇರೋ ಜಾಗದಲ್ಲಿ ಜೇಬಿನ ತಳದ ಥರ ಒಂದು ಮಡಿಕೆ ಇದೆ. ಕಡ್ಡಿ ಇರಬೇಕಾಗಿದ್ದು ಆ ಜೇಬಿನ ತಳದಲ್ಲಿ. ಗಟ್ಟಿ ಪಟ್ಟಿಯ ಎತ್ತರದಲ್ಲಿ ಸಿಕ್ಕಾಕ್ಕೊಂಡ್ರೆ ಪಟ್ಟಿಗೂ ಕಣ್ಣುಗುಡ್ಡೆಗೂ ನಡುವೆ ಒತ್ತಿಹೋಗಿ ಪ್ರತಿ ಸಲ ಮಿಟುಕಿಸಿದಾಗಲೂ ಉಜ್ಜತ್ತೆ, ಕಾರ್ನಿಯಾಗೆ ತಾಗಿದ್ರೆ ಗೀರು ಬೀಳಬಹುದು. ಇನ್ಸರ್ಟ್ ಹಾಕ್ಕೊಂಡೆ ತಡೆಯೋಕಾಗಲಿಲ್ಲ ಬಿಟ್ಬಿಟ್ಟೆ ಅನ್ನೋರು ಎಲ್ಲರದ್ದೂ ಕಡ್ಡಿಯ ತಪ್ಪಲ್ಲ, ಎಷ್ಟೋ ಸಲ ಅದು ಜಾಗದ ತಪ್ಪು. ಒಂದೆರಡು ಮಿಲಿಮೀಟರ್ ಮೇಲೆ ಕೂತಿರತ್ತೆ ಅಷ್ಟೇ.

ಅದಕ್ಕೇ ಮೊದಲ ಸಲ ಆಸ್ಪತ್ರೆಯಲ್ಲೇ ಡಾಕ್ಟರ ಎದುರಿಗೆ ಇಟ್ಟು ಕಲೀಬೇಕು, ಓದ್ಕೊಂಡು ಮನೆಯಲ್ಲಿ ಶುರು ಮಾಡೋ ಕೆಲಸ ಅಲ್ಲ ಇದು. ದೊಡ್ಡಮ್ಮನಿಗೆ ಸಂಧಿವಾತ, ಬೆರಳಿನ ಗೆಣ್ಣು ಊದಿ ಬಗ್ಗಿರೋದ್ರಿಂದ ಸಣ್ಣದನ್ನ ಹಿಡಿಯೋಕಾಗಲ್ಲ, ಹಾಗಾಗಿ ಇಡೋದು ನಾನು. ನಾನು ಮಾಡೋ ಕ್ರಮ ಹೇಳ್ತೀನಿ. ಸೋಪ್ ಹಾಕಿ ಕೈ ತೊಳೆದು, ಚೆನ್ನಾಗಿ ಬೆಳಕಿರೋ ಕಡೆ ಅವರನ್ನ ಕೂರಿಸ್ತೀನಿ. ಕಡ್ಡಿ ಜೊತೆ ಒಂದು ಪುಟ್ಟ ಪ್ಲಾಸ್ಟಿಕ್ ಅಪ್ಲಿಕೇಟರ್ ಬರತ್ತೆ, ಅದರ ತುದಿಯಲ್ಲಿ ಸಣ್ಣ ತೋಡಿದೆ, ಅದನ್ನ ಬಿಸಿನೀರಲ್ಲಿ ತೊಳೆದು ನೀರು ಕೊಡವ್ತೀನಿ. ಮಾತ್ರೆ ಪಟ್ಟಿ ಥರದ ಪ್ಯಾಕಿಂದ ಒಂದನ್ನ ಮಾತ್ರ ತೆಗೆದು, ಅಪ್ಲಿಕೇಟರ್ ತುದಿಯನ್ನ ಕಡ್ಡಿ ಮೇಲೆ ಮೆಲ್ಲಗೆ ಒತ್ತಿದ್ರೆ ತೋಡಲ್ಲಿ ಕಚ್ಕೊಳ್ಳತ್ತೆ. ಬೆರಳಿಂದ ಹಿಡಿಯೋಕೆ ಹೋಗಬೇಡಿ, ಬೆರಳು ಚೂರು ಒದ್ದೆ ಇದ್ರೂ ಅಲ್ಲೇ ಅಂಟಿಕೊಳ್ಳತ್ತೆ.

ಆಮೇಲೆ ಕೆಳರೆಪ್ಪೆಯನ್ನ ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಕೆಳಕ್ಕೆ ಎಳೆಯೋ ಬದಲು ಮುಂದಕ್ಕೆ, ಅಂದ್ರೆ ಕಣ್ಣುಗುಡ್ಡೆಯಿಂದ ದೂರಕ್ಕೆ ಎಳೀತೀನಿ, ಆಗ ಜೇಬು ಬಾಯಿ ಬಿಡತ್ತೆ. ಕೆಳಕ್ಕಷ್ಟೇ ಎಳೆದ್ರೆ ಕೆಂಪು ಭಾಗ ಕಾಣತ್ತೆ ಹೊರತು ಜೇಬು ತೆರೆಯಲ್ಲ, ಇದನ್ನ ಕಲಿಯೋಕೆ ನನಗೆ ನಾಲ್ಕು ದಿನ ಹಿಡೀತು. ಅವರಿಗೆ ಮೇಲೆ ನೋಡಿ ಅಂತೀನಿ, ಕಪ್ಪು ಭಾಗ ಮೇಲೆ ಹೋದ್ರೆ ಕಾರ್ನಿಯಾಗೆ ತುದಿ ತಾಗೋ ಭಯ ಇಲ್ಲ. ಕಡ್ಡಿಯನ್ನ ಜೇಬಿನ ತಳಕ್ಕೆ ಬಿಟ್ಟು, ಅಪ್ಲಿಕೇಟರ್ ಹಿಂದಕ್ಕೆ ತಗೊಂಡು, ರೆಪ್ಪೆಯನ್ನ ಪಟ್ ಅಂತ ಬಿಡದೇ ಮೆಲ್ಲಗೆ ಬಿಡೋದು. ಕಣ್ಣು ಮುಚ್ಚಿಸಿ ಸ್ವಲ್ಪ ಹೊತ್ತು ಸುಮ್ಮನೆ ಕೂರಿಸೋದು. ಕಡ್ಡಿ ಮೇಲೆ ಕಂಡ್ರೆ ರೆಪ್ಪೆಯ ಹೊರಗಿಂದ ಬೆರಳಲ್ಲಿ ಹಗುರಾಗಿ ಕೆಳಕ್ಕೆ ಸರಿಸೋದು. ಸರಿಯಾದ ಜಾಗದಲ್ಲಿ ಕೂತ್ರೆ ಅದು ಇದೆ ಅಂತಲೇ ಗೊತ್ತಾಗಬಾರದು. ಐದನೇ ದಿನ ದೊಡ್ಡಮ್ಮ "ಇಟ್ಯೇನೋ? ಏನೂ ಗೊತ್ತೇ ಆಗ್ಲಿಲ್ವಲ್ಲೋ" ಅಂದಾಗ ಸರಿಯಾಗಿ ಕೂತಿದೆ ಅಂತ ನನಗೆ ಗೊತ್ತಾಯ್ತು.

ತೊಂದರೆಗಳನ್ನೂ ಮುಚ್ಚಿಡದೇ ಹೇಳಬೇಕು. ಎಲ್ಲಕ್ಕಿಂತ ಹೆಚ್ಚು ಜನ ಹೇಳೋದು ಮಸುಕು. ಕರಗಿದ ಲೋಳೆ ಪೊರೆಯನ್ನ ದಪ್ಪ ಮಾಡತ್ತೆ, ದಪ್ಪ ಪೊರೆ ಮೂಲಕ ನೋಡಿದ್ರೆ ಸ್ವಲ್ಪ ಹೊತ್ತು ಗಾಜಿನ ಮೇಲೆ ಎಣ್ಣೆ ಕೈ ಸವರಿದ ಹಾಗೆ ಕಾಣತ್ತೆ, ಅಂದ್ರೆ ಉಪಕಾರ ಮಾಡೋದೂ ಮಸುಕು ಮಾಡೋದೂ ಒಂದೇ ಗುಣ. ಇದು ತಾತ್ಕಾಲಿಕ, ಆದ್ರೆ ಆ ಹೊತ್ತಲ್ಲಿ ಗಾಡಿ ಓಡಿಸೋದು, ಮಷೀನ್ ಮುಂದೆ ಕೆಲಸ ಮಾಡೋದು ಬೇಡವೇ ಬೇಡ. ಕೆಲವರಿಗೆ ಇಟ್ಟು ಕೆಲವು ಗಂಟೆ ಆದ ಮೇಲೆ ಮಸುಕು ಶುರುವಾಗತ್ತೆ, ಅಂಥೋರು ಆ ಹೊತ್ತಿಗೆ ಉಳಿದ ಚೂರನ್ನ ತೆಗೆದುಬಿಡಬಹುದು, ಬೇಕಾದ್ರೆ ಆಮೇಲೆ ಇನ್ನೊಂದು ಇಡಬಹುದು. ಯಾವ ಹೊತ್ತಲ್ಲಿ ಇಟ್ರೆ ತಮ್ಮ ದಿನಕ್ಕೆ ಹೊಂದತ್ತೆ ಅನ್ನೋದನ್ನ ಡಾಕ್ಟರ ಜೊತೆ ಕೂತು ಗೊತ್ತು ಮಾಡ್ಕೋಬೇಕು, ನಮ್ಮಲ್ಲಿ ಬೆಳಗಿನಿಂದ ರಾತ್ರಿಗೆ ಬದಲಾಯಿಸಿದ ಮೇಲೆ ಮಸುಕಿನ ಗೋಳು ಬಹಳ ಕಮ್ಮಿ ಆಯ್ತು.

ರೆಪ್ಪೆಗೂದಲು ಅಂಟಂಟಾಗೋದು ಎರಡನೇದು, ಬೆಳಗ್ಗೆ ಉಗುರುಬೆಚ್ಚಗಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದ್ರೆ ಹೋಗತ್ತೆ. ಅದು ಕಣ್ಣಿನ ಗೀಜು ಥರ ಕಂಡ್ರೂ ಬರೀ ಒಣಗಿದ ಲೋಳೆ. ಹಳದಿ ಹಸಿರು ಬಣ್ಣದ ಗೀಜು, ನೋವು, ಕಣ್ಣು ಕೆಂಪಗೆ ಆಗಿ ಹಾಗೇ ಇರೋದು, ಬೆಳಕು ನೋಡೋಕಾಗದೇ ಇರೋದು, ರೆಪ್ಪೆ ಊದ್ಕೊಳ್ಳೋದು, ಇದೇನಾದ್ರೂ ಕಂಡ್ರೆ ಕಡ್ಡಿ ತೆಗೆದು ಅವತ್ತೇ ಡಾಕ್ಟರ ಹತ್ರ ಹೋಗಿ, ಇನ್ಫೆಕ್ಷನ್ನೋ ಅಲರ್ಜಿಯೋ ಗೀರೋ ಅಂತ ಮನೆಯಲ್ಲಿ ಕೂತು ಹೇಳೋಕಾಗಲ್ಲ. ಹೈಡ್ರಾಕ್ಸಿಪ್ರೊಪೈಲ್ ಸೆಲ್ಯುಲೋಸ್ ಮೈಗೆ ಆಗಲ್ಲ ಅಂತ ಗೊತ್ತಿರೋರು ಇದನ್ನ ಬಳಸಲೇಬಾರದು.

ಕಡ್ಡಿ ಹೊರಗೆ ಬಿದ್ದುಹೋಗೋದೂ ಉಂಟು. ರೆಪ್ಪೆಯ ಜೇಬು ಕೆಲವರಿಗೆ ಹುಟ್ಟಿನಿಂದ ಅಥವಾ ಕಾಯಿಲೆಯಿಂದ ಆಳ ಕಮ್ಮಿ ಇರತ್ತೆ, ಅಂಥವರಿಗೆ ನಿಲ್ಲೋದು ಕಷ್ಟ. ಉಳಿದೋರಿಗೆ ಮುಖ್ಯ ಕಾರಣ ಕಣ್ಣು ಉಜ್ಜೋದು. ಅದರಲ್ಲೂ ನಿದ್ದೆಯಿಂದ ಏಳ್ತಾ ಕಣ್ಣು ಉಜ್ಜೋ ಅಭ್ಯಾಸ ಎಲ್ಲರಿಗೂ ಇರತ್ತೆ, ಅದನ್ನ ಬಿಡಲೇಬೇಕು. ಬಿದ್ದುಹೋದ್ರೆ ಬಿದ್ದಿದ್ದನ್ನೇ ತೊಳೆದು ಇಡಬೇಡಿ, ಹೊಸದು ಇಡಿ. ಕಾಂಟ್ಯಾಕ್ಟ್ ಲೆನ್ಸ್ ಹಾಕೋರು ತಾವೇ ತೀರ್ಮಾನ ಮಾಡದೇ ಡಾಕ್ಟರನ್ನ ಕೇಳಿ.

ಎಷ್ಟು ದಿನಕ್ಕೆ ಗೊತ್ತಾಗತ್ತೆ ಅಂತ ಎಲ್ಲರೂ ಕೇಳ್ತಾರೆ. ತೇವ ಮೊದಲ ದಿನವೇ ಗೊತ್ತಾಗಬಹುದು, ಆದ್ರೆ ಪೆಟ್ಟು ತಿಂದ ಮೇಲ್ಮೈ ಮಾಯೋಕೆ ವಾರಗಳು ಬೇಕು. ಮೂರನೇ ದಿನಕ್ಕೇ ಬಿಟ್ಟು ಕೂತ್ರೆ ಅದನ್ನ ಪ್ರಯತ್ನ ಅಂತ ಹೇಳೋಕಾಗಲ್ಲ. ಹಾಗಂತ ನೋವು ಸಹಿಸ್ಕೊಂಡು ಇಟ್ಕೋಬೇಕು ಅಂತಲೂ ಅಲ್ಲ, ಇಟ್ಟ ಮೇಲೆ ಮೊದಲಿಗಿಂತ ಜಾಸ್ತಿ ಚುಚ್ಚಿದ್ರೆ ಜಾಗ ನೋಡಿ, ಜಾಗ ಸರಿ ಇದ್ದೂ ಚುಚ್ಚಿದ್ರೆ ತೆಗೆದು ಡಾಕ್ಟರಿಗೆ ಫೋನ್ ಮಾಡಿ.

ಯಾರಿಗೆ ಇದು ಅನ್ನೋದು ಸ್ಪಷ್ಟವಾಗಿದೆ. ಮಧ್ಯಮದಿಂದ ಜೋರು ಮಟ್ಟದ ಡ್ರೈ ಐ ಇದ್ದು, ಆರ್ಟಿಫಿಶಿಯಲ್ ಟಿಯರ್ಸ್ ಸರಿಯಾಗಿ ಹಾಕಿ ನೋಡಿಯೂ ಸಾಕಾಗದೇ ಇರೋರಿಗೆ. ಸ್ವೀಡನ್ನಿನ ಕಣ್ಣಿನ ಡಾಕ್ಟರ್ ಹೆನ್ರಿಕ್ ಶೋಗ್ರೆನ್ 1933ರಲ್ಲಿ ವಿವರಿಸಿದ ಕಾಯಿಲೆ ಇದೆಯಲ್ಲ, ದೇಹದ ರಕ್ಷಣಾ ವ್ಯವಸ್ಥೆಯೇ ಕಣ್ಣೀರು ಮತ್ತು ಎಂಜಲಿನ ಗ್ರಂಥಿಗಳ ಮೇಲೆ ಬೀಳೋದು, ಶೋಗ್ರೆನ್ ಸಿಂಡ್ರೋಮ್, ಅಂಥವರಲ್ಲಿ ನೀರಿನ ಉತ್ಪತ್ತಿಯೇ ಬತ್ತಿರತ್ತೆ. ದೊಡ್ಡಮ್ಮನಿಗೆ ಇರೋದು ಅದೇ, ಸಂಧಿವಾತ ಇರೋರಲ್ಲಿ ಇದು ಜೊತೆಗೆ ಬರೋದು ಅಪರೂಪ ಅಲ್ಲ, ಕಣ್ಣಿನ ಜೊತೆ ಬಾಯಿಯೂ ಒಣಗ್ತಿದ್ರೆ ಡಾಕ್ಟರಿಗೆ ಅದನ್ನ ತಪ್ಪದೇ ಹೇಳಿ. ಮುಖದ ಒಂದು ಕಡೆ ಸೋತು ರೆಪ್ಪೆ ಪೂರ್ತಿ ಮುಚ್ಚದೇ ಕಣ್ಣು ತೆರೆದೇ ಉಳಿಯೋರು, ಕಾರ್ನಿಯಾಗೆ ಸ್ಪರ್ಶಜ್ಞಾನ ಕಮ್ಮಿ ಆಗಿರೋರು, ಕಾರ್ನಿಯಾ ಮೇಲಿನ ಪದರ ಮತ್ತೆ ಮತ್ತೆ ಕಿತ್ತುಬರೋರು, ಇವರಿಗೂ ಇದನ್ನ ಬರೀತಾರೆ.

ಸಿಕ್ಕಾಪಟ್ಟೆ ಸ್ಕ್ರೀನ್ ನೋಡಿ ಸಂಜೆ ಕಣ್ಣು ಉರಿಯೋರಿಗೆ ಇದು ಮೊದಲ ಮದ್ದಲ್ಲ. ನಿಮಿಷಕ್ಕೆ ಹದಿನೈದು ಇಪ್ಪತ್ತು ಸಲ ಮಿಟುಕಿಸೋ ನಾವು ಸ್ಕ್ರೀನ್ ಮುಂದೆ ಅರ್ಧಕ್ಕಿಂತಲೂ ಕಮ್ಮಿ ಮಿಟುಕಿಸ್ತೀವಿ, ಅಲ್ಲಿ ಸರಿ ಮಾಡಬೇಕಾಗಿರೋದು ಅದನ್ನ. ರೆಪ್ಪೆ ಅಂಚಿನ ಎಣ್ಣೆ ಗ್ರಂಥಿ ಕಟ್ಕೊಂಡಿದ್ದು ಮೂಲ ಕಾರಣ ಆಗಿದ್ರೆ ಬಿಸಿ ಬಟ್ಟೆ ಶಾಖ, ರೆಪ್ಪೆ ಶುಚಿ ಮೊದಲು, ಕಡ್ಡಿ ಎಣ್ಣೆ ಕೊಡಲ್ಲ. ಉರಿಯೂತ ಜೋರಿದ್ರೆ ಸೈಕ್ಲೋಸ್ಪೊರಿನ್ ಥರದ ಡ್ರಾಪ್ಸ್ ಬೇಕಾಗತ್ತೆ, ಕಡ್ಡಿ ಅದರ ಬದಲಿಗೆ ಅಲ್ಲ, ಜೊತೆಗೆ.

ಹೆಸರಿನ ಗೊಂದಲವೂ ಒಂದಿದೆ. ಪಂಕ್ಟಲ್ ಪ್ಲಗ್ ಅಂತ ಇನ್ನೊಂದು ಪುಟ್ಟ ವಸ್ತು ಇದೆ, ಅದನ್ನ ಡಾಕ್ಟರೇ ಆ ಸೂಜಿಮೊನೆ ತೂತಿಗೆ ಬಿರಡೆ ಥರ ಹಾಕೋದು, ಇರೋ ಕಣ್ಣೀರು ಹರಿದುಹೋಗದ ಹಾಗೆ ತಡೆಯೋಕೆ. ಅದರಲ್ಲೂ ಕರಗೋ ಜಾತಿ ಇದೆ, ಹಾಗಾಗಿ ಕರಗೋದು ಅಂದ ಕೂಡ್ಲೇ ಎರಡನ್ನೂ ಒಂದೇ ಅಂದ್ಕೊಳ್ತಾರೆ. ಆ ತೂತಿಗೇ ಹಾಕಿ ಸ್ಟೀರಾಯ್ಡ್ ಬಿಡಿಸೋ ಇನ್ಸರ್ಟೂ ಇದೆ, ಆಪರೇಷನ್ ಆದ ಮೇಲಿನ ನೋವು ಉರಿಯೂತಕ್ಕೆ, ಅದು ಬೇರೆಯೇ ಕೆಲಸ. ನಾವು ಮಾತಾಡ್ತಿರೋದು ರೆಪ್ಪೆಯ ಜೇಬಲ್ಲಿ ನಾವೇ ಇಟ್ಕೊಳ್ಳೋ ಲೋಳೆ ಕಡ್ಡಿ ಬಗ್ಗೆ ಮಾತ್ರ, ಇದನ್ನ ಡಾಕ್ಟರ್ ಚೀಟಿ ಮೇಲೇ ತಗೋಬೇಕು.

ದೊಡ್ಡಮ್ಮ ಈಗಲೂ ಡ್ರಾಪ್ಸ್ ಹಾಕ್ತಾರೆ, ಪ್ರಿಸರ್ವೇಟಿವ್ ಇಲ್ಲದ್ದು, ದಿನಕ್ಕೆ ಎರಡು ಮೂರು ಸಲ. ದಿಂಬಿನ ಪಕ್ಕದ ಬಾಟ್ಲಿ ಮಾತ್ರ ಉಳ್ಕೊಂಡಿದೆ. ಎರಡು ತಿಂಗಳಾದ ಮೇಲೆ ಮತ್ತೆ ಆ ಹಳದಿ ಬಣ್ಣ ಹಾಕಿ, ನೀಲಿ ಲೈಟ್ ಬಿಟ್ಟು, ಮಿಟುಕಿಸಬೇಡಿ ಅಂದ್ರು. ನಾನು ಪಕ್ಕದಲ್ಲಿ ನಿಂತು ಸ್ಕ್ರೀನ್ ನೋಡ್ತಾ ಮನಸ್ಸಲ್ಲೇ ಎಣಿಸ್ತಿದ್ದೆ. ಮೂರು ದಾಟ್ತು, ನಾಲ್ಕು, ಐದು, ಆರು, ಏಳು ಅನ್ನೋ ಹೊತ್ತಿಗೆ ಹಸಿರಿನ ಅಂಚಲ್ಲಿ ಒಂದು ಚುಕ್ಕೆ ಕಪ್ಪಾಯ್ತು.